ಮಾತಿಲ್ಲದ ಕರೆಯಲ್ಲಿ ಏನಿತ್ತು?

ದೂರವಾಣಿ ನಿಗಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ಕಣ್ಣು ಹತ್ತಿದರೆ ನನಗೆ ಒಂದೇ ಕನಸು. ಬಿಳಿ ಅಂಗಿಯೊಂದಕ್ಕೆ ಇಸ್ತ್ರಿ ಹಾಕುತ್ತಿರುತ್ತೇನೆ. ಕಾಲರಿನ ಕೆಳಗೆ ಒಂದು ಕಡೆ ಮಾತ್ರ ಸಪಾಟಾಗುವುದಿಲ್ಲ. ನೀರು ಚಿಮುಕಿಸಿ ಒತ್ತುತ್ತೇನೆ, ಮತ್ತೆ ಉಬ್ಬುತ್ತದೆ. ತಿರುಗಿಸಿ ನೋಡಿದರೆ ಒಳಗಡೆ ಒಂದು ಕಿವಿ ಹೊಲಿದಿದೆ. ಮುಟ್ಟಿದರೆ ಬೆಚ್ಚಗಿದೆ. ಗಾಬರಿಯಾಗಿ ಎದ್ದು, ಬೆವರು ಒರೆಸಿಕೊಂಡು, ಅಲ್ಲಿರುವ ಕಾಲರುಗಳನ್ನೆಲ್ಲ ತಿರುಗಿಸಿ ನೋಡುತ್ತೇನೆ. ಗಿರಾಕಿಗಳು ನಗುತ್ತಾರೆ. ನಗಲಿ. ಆ ಕಿವಿ ನಿಮ್ಮದೆಂದು ಅವರಿಗೆ ಗೊತ್ತಿಲ್ಲ. ಆ ಕಿವಿಗೆ ಹೆದರಿ ನನ್ನ ಹೆಂಡತಿ ನೋವಾದರೂ ನರಳುವುದನ್ನು ಬಿಟ್ಟಿದ್ದಾಳೆ. ಇದೇ ನನ್ನ ದೂರು.

ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವನು. ಕಚೇರಿಯ ಭಾಷೆ ನನಗೆ ಅಷ್ಟಿಷ್ಟು ಬಂದಿದ್ದರೆ ಅದು ನಿಮ್ಮ ನೋಟೀಸಿನಿಂದ. ಅಷ್ಟು ಸಲ ಅದನ್ನು ಓದಿದ್ದೇನೆ. ತಪ್ಪಿದ್ದರೆ ಮನ್ನಿಸಿ. ತಪ್ಪು ಹುಡುಕುವುದೇ ಕೆಲಸವಾದವರಿಗೆ ಮನ್ನಿಸುವುದು ಕಷ್ಟವೇನೋ, ಗೊತ್ತಿಲ್ಲ.

ಪಾರ್ಶ್ವವಾಯು ಹೊಡೆದ ಮೇಲೆ ನನ್ನ ಹೆಂಡತಿಯ ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಗೋಡೆ ಹಿಡಿದು ನಡೆಯುತ್ತಾಳೆ. ಮನೆಯಲ್ಲಿ ಅವಳೊಬ್ಬಳೇ, ಅಂಗಡಿಯಲ್ಲಿ ನಾನೊಬ್ಬನೇ. ನಾನೋ, ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಹೋಗಿ ನೋಡುವ ಜಾತಿ. ಸುಮ್ಮನಿರಲಾದೀತೇ? ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅವಳಿಗೆ ಕರೆ ಮಾಡಿ, ನನ್ನ ಫೋನನ್ನು ಅಂಗಡಿ ಗೋಡೆಯ ಗೂಡಿನಲ್ಲಿ ನಿಲ್ಲಿಸುತ್ತಿದ್ದೆ. ಅವಳದ್ದನ್ನು ದಾರ ಕಟ್ಟಿ ಅವಳ ಕುತ್ತಿಗೆಗೆ ನೇತುಹಾಕಿದ್ದೆ. ಸಂಜೆಯವರೆಗೆ ಕರೆ ಹಾಗೇ ಇರುತ್ತಿತ್ತು. ಮಾತೇನೂ ಇಲ್ಲ. ಪಾತ್ರೆ ಸದ್ದು, ಕೆಮ್ಮು, ಕುರ್ಚಿ ಎಳೆದದ್ದು. ಸದ್ದು ನಿಂತರೆ ನನ್ನ ಕೈಯೂ ನಿಲ್ಲುತ್ತಿತ್ತು. ಮತ್ತೆ ಕೇಳಿಸಿದರೆ ಇಸ್ತ್ರಿ ಮುಂದೆ ಹೋಗುತ್ತಿತ್ತು.

"ನನ್ನ ಗೊರಕೆ ಕೇಳೋಕೂ ದುಡ್ಡು ಕಟ್ತೀರಲ್ರೀ," ಎಂದು ನಗುತ್ತಿದ್ದಳು. "ಇಷ್ಟು ವರ್ಷ ಪುಕ್ಕಟೆ ಸಿಗ್ತಿತ್ತು, ಆಗ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗ್ತಿದ್ರಿ."

ಆಗ ನಿಮ್ಮ ನೋಟೀಸು ಬಂತು. 'ಸಂಭಾಷಣೆಯಿಲ್ಲದ ದೀರ್ಘ ಕರೆಗಳ ಕುರಿತು ಖುದ್ದು ಹಾಜರಾಗಿ ವಿವರಣೆ ನೀಡತಕ್ಕದ್ದು.' ಓದಿ ಹೇಳಿದೆ. ಅವಳು ನಗಲಿಲ್ಲ.

"ಹಾಗಾದ್ರೆ ನಾನು ಬಚ್ಚಲಿಗೆ ಹೋದಾಗ್ಲೂ ಅವರಿಗೆ ಕೇಳ್ಸಿರುತ್ತಾ?"

ನೋಟೀಸನ್ನು ಮತ್ತೆ ಓದಿದೆ, ಅದರಲ್ಲಿ ಉತ್ತರವಿರಲಿಲ್ಲ. ನಿಮ್ಮ ಹತ್ತಿರ ಇದೆಯೇ? ಅವತ್ತಿನಿಂದ ಕಾಲು ಸೆಳೆದರೆ ಅವಳು ಟವೆಲು ಕಚ್ಚಿಕೊಳ್ಳತೊಡಗಿದಳು. ಪಾತ್ರೆಗಳನ್ನು ಸದ್ದಾಗದ ಹಾಗೆ ಇಡತೊಡಗಿದಳು. ಗೂಡಿನಲ್ಲಿದ್ದ ನನ್ನ ಫೋನು ಮೂಕವಾಯಿತು. ನಾನು ಒಂದು ಅಂಗಿ ಸುಟ್ಟೆ.

ಹೇಳಿದ ದಿನ ನಿಮ್ಮ ಕಚೇರಿಗೆ ಬಂದೆ. ಬಾಗಿಲಲ್ಲಿ ಕಾವಲಿನ ಹೆಂಗಸು ಪ್ಲಾಸ್ಟಿಕ್ ತಟ್ಟೆ ಮುಂದೆ ಮಾಡಿದಳು. "ಫೋನ್ ಆಫ್ ಮಾಡಿ ಇಲ್ಲಿಡಿ ಅಣ್ಣ."

"ಆಫ್ ಬೇಡಮ್ಮ. ಮನೆ ಕರೆ ಇದೆ. ಅವಳು ಒಬ್ಬಳೇ."

"ಸರಿ, ಹಾಗೇ ಇರ್ಲಿ ಬಿಡಿ. ಎಲ್ಲಿಗೆ ಓಡಿ ಹೋಗುತ್ತೆ?"

ಒಳಗಿದ್ದ ಅಧಿಕಾರಿ ಒಳ್ಳೆಯವರೇ. ಕೂರಿಸಿ ಮಾತಾಡಿದರು. "ದಿನವಿಡೀ ಕರೆ, ಮಾತೇ ಇಲ್ಲ. ಏನು ಕೇಳ್ತೀರಿ?"

"ಏನೂ ಆಗಿಲ್ಲ ಅನ್ನೋದನ್ನ ಸಾರ್."

"ಅಂದ್ರೆ?"

"ಅವಳು ಬಿದ್ದಿಲ್ಲ ಅನ್ನೋದನ್ನ."

ಬರೆದುಕೊಳ್ಳಲು ಹೋದವರು ಪೆನ್ನು ಎತ್ತಿದರು. "ಏನಾದ್ರೂ ಮಾತಾಡ್ತಾ ಇರಿ ಯಜಮಾನ್ರೇ. ಮಾತಿದ್ರೆ ಯಂತ್ರಕ್ಕೆ ಅನುಮಾನ ಬರಲ್ಲ. ನಾವ್ಯಾರೂ ಕೂತು ಕೇಳಲ್ಲ, ಅದು ಗುರುತು ಹಾಕುತ್ತೆ ಅಷ್ಟೆ. ನಿಮ್ಮೊಬ್ಬರದ್ದಲ್ಲ, ಎಲ್ಲರದ್ದೂ. ಬೇಜಾರು ಮಾಡ್ಕೋಬೇಡಿ."

ಎಂಥ ಸಮಾಧಾನ! ಬೀಗ ಮುರಿದವನು, ಬೀದಿಯ ಎಲ್ಲ ಬೀಗವನ್ನೂ ಮುರಿದಿದ್ದೇನೆ, ನಿಮಗೆ ಭೇದ ಮಾಡಿಲ್ಲ ಎಂದ ಹಾಗೆ. ಆದರೂ ಕೈಮುಗಿದು ಎದ್ದೆ. ಅವರು ಹಿಂದಿನಿಂದ, ಮನೆಯವರು ಹೇಳುವಷ್ಟು ಅಕ್ಕರೆಯಿಂದ ಹೇಳಿದರು: "ನಿಮ್ಮ ಮನೆಯವರಿಗೆ ಕೆಮ್ಮು ಜಾಸ್ತಿ ಆಗಿದೆ. ಡಾಕ್ಟರಿಗೆ ತೋರ್ಸಿ."

"ಆಗ್ಲಿ ಸಾರ್" ಎಂದೆ. ಕೆಮ್ಮಿನ ವಿಷಯ ನಾನು ಬಾಯಿ ಬಿಟ್ಟಿರಲೇ ಇಲ್ಲ ಎಂಬುದು ಹೊಳೆದದ್ದು ಬಾಗಿಲು ದಾಟಿದ ಮೇಲೆ.

ತಟ್ಟೆಯಿಂದ ಫೋನು ಎತ್ತಿ ಕಿವಿಗಿಟ್ಟೆ. ನಲ್ಲಿ ಸುರಿಯುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಅವಳು ನಲ್ಲಿ ಬಿಟ್ಟು ಹೋಗುವವಳಲ್ಲ. ತೊಟ್ಟಿಕ್ಕಿದರೂ ನನ್ನನ್ನು ಬೈಯುವವಳು.

"ಏನಾದ್ರೂ ಕೇಳಿಸ್ತೇನಮ್ಮಾ ಇದ್ರಲ್ಲಿ?" ಎಂದು ಕಾವಲಿನ ಹೆಂಗಸನ್ನು ಕೇಳಿದೆ.

"ಏನೋ ಸದ್ದು ಬಂತು ಅಣ್ಣ. ಬೇರೆಯವರ ಫೋನ್ ಕಿವಿಗಿಡಬಾರ್ದು ಅಂತ ನಮ್ಗೆ ಆರ್ಡರ್ ಇದೆ."

ಮಾನ್ಯರೇ, ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಇಡೀ ಕಟ್ಟಡದಲ್ಲಿ ಆ ನಿಯಮ ಪಾಲಿಸಿದವಳು ಅವಳೊಬ್ಬಳೇ.

ಮನೆಗೆ ಓಡಿದೆ. ಬಚ್ಚಲ ನೆಲದ ಮೇಲೆ ನೀರಿನಲ್ಲಿ ನೆನೆಯುತ್ತಾ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಬಾಯಲ್ಲಿ ಟವೆಲು.

ಅದನ್ನು ತೆಗೆದು ಕೇಳಿದೆ: "ಕೂಗಬಾರ್ದಿತ್ತೇನೇ?"

"ಕೂಗ್ಲಿಲ್ಲ," ಎಂದಳು. ಮುಖ ಗೋಡೆ ಕಡೆ ತಿರುಗಿಸಿಕೊಂಡೇ ಹೇಳಿದಳು.

ಈಗ ಮಂಚದ ಮೇಲಿದ್ದಾಳೆ. ಅವಳ ಕುತ್ತಿಗೆಯ ಫೋನು ತೆಗೆದು, ಆರಿಸಿ ಅಟ್ಟದ ಮೇಲಿಟ್ಟಿದ್ದೇನೆ. ಆದರೂ ಮಗ್ಗುಲು ಬದಲಿಸುವಾಗ ಉಸಿರು ಬಿಗಿ ಹಿಡಿಯುತ್ತಾಳೆ. "ಯಾರೂ ಇಲ್ಲ, ನರಳೇ," ಎಂದು ಗೋಗರೆಯುತ್ತೇನೆ. "ನಿಮ್ಗೇನು ಗೊತ್ತು?" ಎನ್ನುತ್ತಾಳೆ. ನಿಜ, ನನಗೇನು ಗೊತ್ತು? ಮಾತಿನ ಮಲ್ಲಿಯಾಗಿದ್ದವಳು. ಆರೋಗ್ಯವಾಗಿದ್ದಾಗ ಗಿರಾಕಿಗಳ ಅಂಗಿಯ ಜೇಬನ್ನು ಅವಳೇ ಬರಿದು ಮಾಡುತ್ತಿದ್ದಳು. ಸಿಕ್ಕಿದ್ದನ್ನು ಬಿಚ್ಚದೆ ಕಾಗದದಲ್ಲಿ ಸುತ್ತಿ ಅದೇ ಅಂಗಿಗೆ ಪಿನ್ನು ಹಾಕುವಳು. ನಾನು ಇಣುಕಿದರೆ, "ಊರೋರ ಜೇಬಿನ ಉಸಾಬರಿ ನಮಗ್ಯಾಕ್ರೀ?" ಎಂದು ಕೈಗೆ ಹೊಡೆಯುವಳು. ಅವಳ ಜೇಬಿಗೇ ನೀವು ಕೈ ಹಾಕಿದಿರಿ.

ತಪ್ಪು ಮಾಡದವರಿಗೆ ಯಾಕೆ ಹೆದರಿಕೆ ಎಂದು ನಿಮ್ಮ ನೋಟೀಸಿನ ಕೊನೆಗೆ ಅಚ್ಚು ಹಾಕಿಸಿದ್ದೀರಿ. ನರಳುವುದು ತಪ್ಪೇ? ಅಲ್ಲವಲ್ಲ. ಹಾಗಾದರೆ ನಿಮ್ಮ ಮನೆಯವರು ನರಳುವುದನ್ನು ನನ್ನ ಅಂಗಡಿಯ ಗೂಡಿನಲ್ಲಿ ನಾನೂ ಕೇಳಬಹುದೇ? ನಮ್ಮ ಬೀದಿಯಲ್ಲೀಗ ತಾಯಿಗೆ ಫೋನು ಮಾಡುವವರೂ ಬಾಯಿಪಾಠ ಒಪ್ಪಿಸುವ ಹಾಗೆ ಮಾತಾಡುತ್ತಾರೆ. ಯಾರನ್ನೂ ನೀವು ಹಿಡಿದಿಲ್ಲ, ಹೊಡೆದಿಲ್ಲ. ಇನ್ನು ಅದರ ಅಗತ್ಯವೂ ಬೀಳಲಾರದು. ನನಗೆ ಭಯವಾಗುವುದು ಅದಕ್ಕೇ.

ಆ ದಿನದ ಧ್ವನಿಮುದ್ರಣ ಕೊಡಿ ಎಂದು ಅರ್ಜಿ ಹಾಕಿದೆ. ನಿಮ್ಮ ಉತ್ತರದ ಮೊದಲ ಸಾಲಿನಲ್ಲಿ, ಅಂಥದ್ದು ನಿಮ್ಮಲ್ಲಿ ಇಲ್ಲ. ಎರಡನೆಯ ಸಾಲಿನಲ್ಲಿ, ಅದನ್ನು ಕೊಟ್ಟರೆ ನನ್ನ ಹೆಂಡತಿಯ ಖಾಸಗಿತನಕ್ಕೆ ಧಕ್ಕೆ!

ನನ್ನ ಬೇಡಿಕೆ ಒಂದೇ. ನಮ್ಮ ಮನೆಯನ್ನು, ನಮ್ಮ ಬೀದಿಯನ್ನು, ಎಲ್ಲರ ಮನೆಯನ್ನು ಕೇಳುವುದು ನಿಲ್ಲಿಸಿ. ನಿಲ್ಲಿಸಿದ್ದೇವೆ ಎಂದು ಮೊಹರು ಹಾಕಿ ಬರೆದುಕೊಡಿ. ಅವಳ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದುತ್ತೇನೆ. ಅವಳು ಒಮ್ಮೆ ಬಾಯಿ ತುಂಬ ಅಯ್ಯೋ ಎನ್ನಲಿ.

ಆದರೆ ಇರುವುದನ್ನೆಲ್ಲ ಅಳಿಸುವ ಮುಂಚೆ, ಮಾನ್ಯರೇ, ಒಂದು ವಿವರ ಮಾತ್ರ ಮತ್ತೊಮ್ಮೆ ನೋಡಿ. ಫೋನು ನಿಮ್ಮ ತಟ್ಟೆಯಲ್ಲಿತ್ತು. ನಲ್ಲಿಯ ಸದ್ದು ಶುರುವಾದ ಮೇಲೆ, ಟವೆಲು ಬಾಯಿಗೆ ಹೋಗುವ ಮುಂಚೆ, ಅವಳು ನನ್ನನ್ನು ಕೂಗಿದಳೇ? ಎಷ್ಟು ಸಲ ಎಂದು ಹೇಳಬೇಡಿ. ಕೂಗಿದಳೋ ಇಲ್ಲವೋ, ಅಷ್ಟೇ. ಸರಿಯಾಗಿ ಕೇಳಿ ಹೇಳಿ.

ಇಂತಿ,
ಹೆಸರು ಬರೆಯದಿದ್ದರೂ ನೀವು ಗುರುತು ಹಿಡಿಯುವ
ಇಸ್ತ್ರಿ ಅಂಗಡಿಯವನು