ಮುಂದಿನ ಸೀಟಿನವಳು

ನವೆಂಬರ್ ೨೧, ಭಾನುವಾರ

ಪ್ರೀತಿಯ ಪಿಟೀಲು,

ನಿನಗೆ ಐವತ್ತು ದಾಟಿದರೂ ತೊಟ್ಟಿಲಲ್ಲಿ ಅತ್ತು ಅತ್ತು ಪಡೆದ ಹೆಸರು ಬದಲಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ನಿನ್ನ ಮನೆಯವರೂ ಮಕ್ಕಳೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. "ಭಾವ ಸೈಕಲ್ ಯಾತ್ರೆ ಮುಗಿಸಿದರೋ ಇಲ್ಲವೋ, ಒಂದು ಸಾಲಾದರೂ ಬರಿ" ಎಂದು ನೀನು ಗೋಗರೆದಿದ್ದೀಯ. ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಎಣಿಸಿ ಎಣಿಸಿ ಪುರುಸೊತ್ತೇ ಆಗಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ನಿನ್ನ ಹತ್ತಿರ ಎಂಥ ಮುಚ್ಚುಮರೆ? ಹೊಟ್ಟೆ ಉರಿಯುತ್ತಿತ್ತು ಕಣೇ. ಆ ಉರಿಯಲ್ಲಿ ಬರೆದರೆ ಓದುವವಳ ಕೈ ಸುಟ್ಟೀತು ಎಂದು ಸುಮ್ಮನಿದ್ದೆ.

ಮುಗಿಸಿದರು. ಐದು ದಿನ, ನಾನೂರ ಇಪ್ಪತ್ತು ಕಿಲೋಮೀಟರು. ಐವತ್ತಾರು ವರ್ಷದ, ಎರಡೂ ಕಣ್ಣು ಕಾಣದ ಮನುಷ್ಯ ಒಂದು ಸಲವೂ ವ್ಯಾನು ಹತ್ತದೆ ಮುಗಿಸಿದರು. ಕೊರಳಿಗೆ ಹಾಕಿದ ಪದಕವನ್ನು ಎರಡು ದಿನ ಸ್ನಾನಕ್ಕೂ ತೆಗೆಯಲಿಲ್ಲ. ಈಗ ಅದನ್ನು ಕೆಲಸಕ್ಕೂ ಹಾಕಿಕೊಂಡು ಹೋಗುತ್ತಾರೆ. ಆಸ್ಪತ್ರೆಯ ಟೆಲಿಫೋನ್ ಮೇಜಿನ ಮುಂದೆ ಕೂತು ಯಾರಾದರೂ ಬಂದ ಸದ್ದಾದರೆ ಬೇಕೆಂದೇ ಬಗ್ಗಿ ಅದನ್ನು ಮೇಜಿಗೆ ಟಣ್ ಎಂದು ತಾಗಿಸುತ್ತಾರಂತೆ, ಪಕ್ಕದಲ್ಲಿ ಕೂರುವ ಹುಡುಗಿ ಹೇಳಿದಳು. ನನಗೆ ಹೆಮ್ಮೆಯಿಲ್ಲವೆಂದಲ್ಲ. ಆದರೆ ಹೆಮ್ಮೆ ಒಂದು ಚಮಚವಾದರೆ ಹೊಟ್ಟೆಕಿಚ್ಚು ಒಂದು ಕೊಡ.

ಮೊದಲಿನಿಂದ ಹೇಳುತ್ತೇನೆ, ಕೇಳು. ಇದು ಪ್ರತಿ ವರ್ಷ ನಡೆಯುವ ಯಾತ್ರೆ. ದೂರದ ಊರುಗಳ ಮಕ್ಕಳ ಕಣ್ಣಿನ ಆಪರೇಷನ್ನಿಗೆ ದುಡ್ಡು ಕೂಡಿಸಲು ಇನ್ನೂರು ಜನ ಸೈಕಲ್ ತುಳಿಯುತ್ತಾರೆ. ಕಣ್ಣು ಕಾಣದವರು ಸೇರಬೇಕೆಂದರೆ ಅವರಿಗೆ ಜೋಡಿ ಸೈಕಲ್ಲು. ಎರಡು ಸೀಟು, ಎರಡು ಜೊತೆ ಪೆಡಲ್ಲು. ಕಾಣುವವರು ಮುಂದೆ, ಕಾಣದವರು ಹಿಂದೆ. ಹೆಸರು ಕೊಟ್ಟು ಬಂದ ದಿನ ನಿನ್ನ ಭಾವ ಮೊದಲು ಕೇಳಿದ್ದು ನನ್ನನ್ನೇ. "ಮುಂದೆ ನೀನು ಕೂತ್ಕೋತೀಯಾ?" ಅಂದರು. ಅವರ ಕಣ್ಣು ಹೋದ ಮೇಲೆ ಹದಿನಾಲ್ಕು ವರ್ಷದಿಂದ ಅವರಿಗಿಂತ ಅರ್ಧ ಹೆಜ್ಜೆ ಮುಂದೆ ನಡೆಯುತ್ತಿರುವವಳು ನಾನೇ ತಾನೇ? ಮನೆಯಿಂದ ಆಸ್ಪತ್ರೆಗೆ ಸಾವಿರದ ನೂರು ಹೆಜ್ಜೆ, ನನ್ನ ಮೊಣಕೈ ಮೇಲೆ ಅವರ ಕೈ. ಆ ಸೀಟು ಇನ್ಯಾರದ್ದು ಎಂದು ಉಬ್ಬಿಹೋದೆ.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ನಮ್ಮನ್ನು ಹತ್ತಿಸಿ ನೋಡಿದರು. ಚಿಕ್ಕಂದಿನಲ್ಲಿ ನಾನು ನಿನ್ನನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿದವಳು, ನಿನಗೆ ಗೊತ್ತು. ಆದರೆ ಅಂದು ನನ್ನ ಕೈ ಬ್ರೇಕು ಬಿಡಲೇ ಇಲ್ಲ. ಎಲೆ ಉರುಳಿದರೆ ಬ್ರೇಕು, ಆಂಬುಲೆನ್ಸ್ ತನ್ನ ಪಾಡಿಗೆ ನಿಂತಿದ್ದರೂ ಬ್ರೇಕು. "ಹುಷಾರು! ಉಬ್ಬು ಇದೆ! ಹುಷಾರು!" ಎಂದು ಕಿರುಚಿ ಗಂಟಲು ಕಟ್ಟಿತು. ಅರ್ಧ ಗಂಟೆಯಲ್ಲಿ ಎರಡೇ ಸುತ್ತು. ಯಾತ್ರೆ ನಡೆಸುವವರು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು, ಬಾಯಿಗೆ ಬಂದದ್ದು ಹೇಳಿಬಿಡುವ ಜನ. "ಅಮ್ಮಾ, ನಿಮ್ಮ ಸೈಕಲ್‌ಗೆ ಪೆಡಲ್ಲೇ ಬೇಡ, ಬ್ರೇಕ್ ಒಂದಿದ್ರೆ ಸಾಕು. ನೀವು ಸಾಮಾನಿನ ವ್ಯಾನಲ್ಲಿ ಬಂದ್ಬಿಡಿ" ಅಂದರು. ಎಲ್ಲರೂ ನಕ್ಕರು. ನಿನ್ನ ಭಾವ ನಗಲಿಲ್ಲ, ಆದರೆ ಬೇಡವೆಂದೂ ಅನ್ನಲಿಲ್ಲ.

ಆಗ "ನಾನು ಕೂತ್ಕೊಳ್ಲಾ ಸಾರ್?" ಎಂದು ಮುಂದೆ ಬಂದವಳು ನಮ್ಮ ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ. ನಲವತ್ತರ ಆಸುಪಾಸು, ಗಟ್ಟಿ ಕಾಲು. ಬಾಯಿ ತೆರೆದುಕೊಂಡು ಕೂತವರ ಹತ್ತಿರ ದಿನವಿಡೀ ಒಬ್ಬಳೇ ಮಾತಾಡಿ ಅಭ್ಯಾಸವಾಗಿರುವ ಹೆಂಗಸು. ಬಾಯಿಗೆ ಬೀಗವೇ ಇಲ್ಲ. ಮೇಲಾಗಿ ನನ್ನನ್ನು "ಅಕ್ಕಾ" ಅನ್ನುತ್ತಾಳೆ. ಅದು ನಿನ್ನೊಬ್ಬಳ ಸ್ವತ್ತು, ಅವಳಿಗೆ ಯಾರು ಕೊಟ್ಟರು?

ಎರಡು ತಿಂಗಳು ಪ್ರತಿ ಭಾನುವಾರ ಅಭ್ಯಾಸ. ನಿನ್ನ ಭಾವ ಬೆವರು ಸುರಿಸಿಕೊಂಡು ನಗುತ್ತ ಮನೆಗೆ ಬರುತ್ತಿದ್ದರು. ಒಂದು ದಿನ ಬೂಟು ಬಿಚ್ಚುತ್ತ, "ಸೇತುವೆ ಪಕ್ಕದ ಗೋಡೆ ಮೇಲೆ ಯಾರೋ ದೊಡ್ಡ ಬೆಕ್ಕು ಬರ್ದಿದಾರಂತಲ್ಲೇ. ಕನ್ನಡಕ ಹಾಕ್ಕೊಂಡು ಪೇಪರ್ ಓದ್ತಿದೆಯಂತೆ. ನೀನು ಹೇಳೇ ಇಲ್ಲ?" ಅಂದರು. ಮಾರನೆಯ ದಿನ ಆಸ್ಪತ್ರೆಗೆ ಹೋಗುವಾಗ ನೋಡಿದೆ. ಬೆಕ್ಕಿದೆ, ಕನ್ನಡಕವೂ ಇದೆ. ಬಣ್ಣ ಮಾಸಿ ಚಕ್ಕೆ ಏಳುವಷ್ಟು ಹಳೆಯದು. ಅಷ್ಟು ವರ್ಷ ಆ ಗೋಡೆಯ ಪಕ್ಕದಲ್ಲಿ ನಾನು ಹೇಳಿದ್ದು ಒಂದೇ ಮಾತು, "ಚರಂಡಿ ಇದೆ, ಎಡಗಾಲು ಎತ್ತಿಡಿ." ಅವರನ್ನು ಒಂದು ದಿನವೂ ಬೀಳಿಸಿಲ್ಲ, ಅದು ನನ್ನ ಹೆಚ್ಚುಗಾರಿಕೆ. ಅವಳು ಬಂದು ಎರಡು ವಾರಕ್ಕೆ ಬೆಕ್ಕು ತೋರಿಸಿಬಿಟ್ಟಳು. ಮೈಯೆಲ್ಲ ಉರಿದುಹೋಯಿತು.

(ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ನಿನ್ನ ಭಾವ ಬಂದು "ಪೆನ್ನಿನ ಸದ್ದು ಜೋರಾಗಿದೆ, ಯಾರಿಗೆ ಬೈತಿದ್ದೀಯ?" ಅಂದರು. ತಂಗಿಗೆ ಬರೆಯುತ್ತಿದ್ದೇನೆ, ನೀವು ಯಾತ್ರೆ ಮುಗಿಸಿದ್ದನ್ನು ತಿಳಿಸುತ್ತಿದ್ದೇನೆ ಅಂದೆ. "ಪದಕ ಎಷ್ಟು ಭಾರ ಅಂತಾನೂ ಬರಿ" ಎಂದು ಹೋದರು. ಭಾರವಾಗಿದೆ, ಬರೆದಿದ್ದೇನೆ.)

ಇನ್ನು ಯಾತ್ರೆಯ ವಿಷಯ. ಐದು ದಿನವೂ ನಾನು ಎಲ್ಲರಿಗಿಂತ ಹಿಂದೆ, ವ್ಯಾನಿನಲ್ಲಿ. ಬಾಳೆಹಣ್ಣಿನ ಬುಟ್ಟಿ, ಗಾಳಿ ಪಂಪು, ಮುಲಾಮಿನ ಡಬ್ಬಿ, ನಾನು. ಜೋಡಿ ಸೈಕಲ್ಲುಗಳು ನಿಧಾನ, ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಗಾಜಿನಲ್ಲಿ ನನಗೆ ಕಾಣುತ್ತಿದ್ದದ್ದು ಅವರಿಬ್ಬರ ಬೆನ್ನೇ. ನಿನಗೊಂದು ವಿಷಯ ಗೊತ್ತೇ? ಜೋಡಿ ಸೈಕಲ್ಲಿನಲ್ಲಿ ಎರಡೂ ಜೊತೆ ಪೆಡಲ್ಲನ್ನು ಒಂದೇ ಚೈನಿನಲ್ಲಿ ಕಟ್ಟಿರುತ್ತಾರೆ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ಏಳಬೇಕು, ಒಬ್ಬರು ನಿಂತರೆ ಇನ್ನೊಬ್ಬರೂ ನಿಲ್ಲಬೇಕು. ಅವಳ ಬಲಗಾಲು ಎದ್ದಾಗ ಇವರ ಬಲಗಾಲು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾವಿಬ್ಬರು ಒಂದು ಫರ್ಲಾಂಗು ಹಾಗೆ ಒಂದೇ ಹೆಜ್ಜೆಯಲ್ಲಿ ನಡೆದಿಲ್ಲ. ವ್ಯಾನಿನ ಡ್ರೈವರ್ ಬೇರೆ, "ನೋಡಿ ಅಮ್ಮಾ, ಎಂಥಾ ಜೋಡಿ! ಗಡಿಯಾರ ಓಡಿದ ಹಾಗೆ ಓಡ್ತಿದೆ" ಅಂದ. ನಾನು ಅವನಿಗೆ ಆ ಮಧ್ಯಾಹ್ನ ಬಾಳೆಹಣ್ಣು ಕೊಡಲಿಲ್ಲ.

ಮೂರನೆಯ ದಿನ ದಾರಿ ಸಮುದ್ರದ ಪಕ್ಕಕ್ಕೆ ತಿರುಗಿತು. ಊಟಕ್ಕೆ ನಿಂತಾಗ ನಿನ್ನ ಭಾವನ ಮುಖ ಅರಳಿತ್ತು. "ಸಮುದ್ರ ಇವತ್ತು ಎರಡು ಬಣ್ಣ ಇದೆಯಂತೆ ಕಣೇ. ದಡದಲ್ಲಿ ಟೀಗೆ ಹಾಲು ಹಾಕಿದ ಹಾಗೆ, ದೂರದಲ್ಲಿ ಒರೆಸಿದ ಸ್ಲೇಟಿನ ಹಾಗೆ" ಅಂದರು. ನಾನೇನಂದೆ ಗೊತ್ತೇ? "ಸಮುದ್ರ ಸಮುದ್ರದ ಬಣ್ಣಾನೇ ಇರತ್ತೆ, ಬ್ರೆಡ್ ತಿನ್ನಿ" ಅಂದೆ. ಅವರು ಬ್ರೆಡ್ ತಿಂದರು.

ನಾಲ್ಕನೆಯ ದಿನ ನಾನು ಮಾಡಿದ್ದನ್ನು ನಿನಗೆ ಬಿಟ್ಟು ಇನ್ಯಾರಿಗೂ ಹೇಳಲಾರೆ. ಅಂದು ಒಂದು ಶಾಲೆಯ ಹಾಲಿನಲ್ಲಿ ತಂಗಿದ್ದೆವು. ಸಂಜೆ ಇನ್ನೂ ಬಿಸಿಲಿತ್ತು. ಡಾಕ್ಟರಮ್ಮ ಬಾಗಿಲಿಗೆ ಬಂದು, "ಅಕ್ಕಾ, ನಾವೆಲ್ಲ ಮರಳಲ್ಲಿ ನಡೆಯೋಕೆ ಹೋಗ್ತಿದೀವಿ. ಸಾರ್‌ನೂ ಕರ್ಕೊಂಡು ಬನ್ನಿ" ಅಂದಳು. ಇವರು ನನ್ನ ಹಿಂದೆ ನಾಲ್ಕೇ ಅಡಿ ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತು, "ಅವರು ಮಲಗಿಬಿಟ್ಟಿದಾರೆ" ಅಂದೆ. ಅವಳು ಪಿಸುದನಿಯಲ್ಲಿ "ಎಬ್ಬಿಸಬೇಡಿ ಪಾಪ" ಎಂದು ತುದಿಗಾಲಿನಲ್ಲಿ ಹೋದಳು.

ತಿರುಗಿ ನೋಡಿದೆ. ಇವರು ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಹೋಗ್ಲಿ ಬಿಡು. ಬಾ, ನೀನೇ ಹೇಳು. ಇಲ್ಲಿ ಏನು ಕಾಣತ್ತೆ?" ಅಂದರು. ನಾನು ಸುತ್ತ ನೋಡಿದೆ. ಚೀಲಗಳು, ಒದ್ದೆ ಕಾಲುಚೀಲಗಳು, ಒಂದು ಕಪ್ಪು ಹಲಗೆ. ಏನಾದರೂ ಚೆಂದದ್ದು ಹೇಳಬೇಕೆಂದು ಹುಡುಕಾಡಿ ಹುಡುಕಾಡಿ ಕೊನೆಗೆ, "ಬಾಗಿಲ ಹತ್ರ ಮೂರು ಮೆಟ್ಟಿಲಿದೆ, ನೋಡ್ಕೊಂಡು ಇಳೀಬೇಕು" ಅಂದೆ. ಅವರು "ಹೂಂ" ಅಂದರು.

ಕೊನೆಯ ದಿನ ಒಂದು ದೊಡ್ಡ ಮೈದಾನದಲ್ಲಿ ಯಾತ್ರೆ ಮುಗಿಯಿತು. ಹಗ್ಗ ಕಟ್ಟಿದ್ದರು, ಬ್ಯಾಂಡು ಬಾರಿಸುತ್ತಿದ್ದರು. ವ್ಯಾನು ಬೇರೆ ದಾರಿಯಿಂದ ಮೊದಲೇ ಬಂದಿತ್ತು, ನಾನು ಟವೆಲ್ ಹಿಡಿದು ಕಾದೆ. ಇವರದ್ದು ಕೊನೆಯಿಂದ ಐದನೆಯ ಸೈಕಲ್ಲು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಡ್ರಿಲ್ ಮೇಷ್ಟ್ರು ಪದಕ ಹಾಕುವಾಗ ಕಣ್ಣೊರೆಸಿಕೊಂಡರು. ಡಾಕ್ಟರಮ್ಮ ಸೈಕಲ್ಲಿನಿಂದ ಇಳಿದವಳೇ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. "ದಾರಿ ಉದ್ದಕ್ಕೂ ನಿಮ್ಮ ಮಾತೇ ಅಕ್ಕಾ. ನಾನು ಏನು ತೋರಿಸಿದ್ರೂ ಸುತ್ತಿ ಬಳಸಿ ನಿಮ್ಮ ಹತ್ರಾನೇ ಬರ್ತಿದ್ರು" ಅಂದಳು. ಬೆವರಿನ ವಾಸನೆಯ ಆ ಹೆಂಗಸನ್ನು ನಾನೂ ತಬ್ಬಿಕೊಂಡೆ. ಅಷ್ಟಾದರೂ ಮಾಡಿದೆ ಎಂದು ಬರೆಯುತ್ತಿದ್ದೇನೆ, ನನ್ನನ್ನು ಪೂರಾ ಕೆಟ್ಟವಳೆಂದು ತಿಳಿಯಬೇಡ.

ಬರುವ ಭಾನುವಾರ ಅವಳನ್ನು ಊಟಕ್ಕೆ ಕರೆದಿದ್ದೇನೆ. ಇವರು ಮುಂದಿನ ವರ್ಷದ ಯಾತ್ರೆಗೆ ಈಗಲೇ ಹೆಸರು ಕೊಟ್ಟಾಗಿದೆ. ಮುಂದಿನ ಸೀಟು ಅವಳದ್ದೇ. ನಾನು ಬ್ರೇಕು ಹಿಡಿಯದೆ ಇರಲಾರೆ, ಅದು ನನಗೂ ಗೊತ್ತು.

ನಿನ್ನ ದೊಡ್ಡವಳ ಪರೀಕ್ಷೆ ಹೇಗಾಯಿತು, ಬರಿ. ಚಿಕ್ಕವನು ಇನ್ನೂ ಉಗುರು ಕಚ್ಚುತ್ತಾನೆಯೇ? ಇಬ್ಬರೂ ನೂರು ಕಾಲ ಚೆನ್ನಾಗಿರಲಿ, ನಿನ್ನ ಮನೆ ತುಂಬಿರಲಿ. ನಿನ್ನ ಬೆನ್ನುನೋವನ್ನು ನಿರ್ಲಕ್ಷ್ಯ ಮಾಡಬೇಡ. ನಿನ್ನ ಮನೆಯವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು.

ನಿನ್ನನ್ನು ಸೈಕಲ್ಲಿನಿಂದ ಒಮ್ಮೆಯೂ ಬೀಳಿಸದ,
ಅಕ್ಕ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ವಿಷಯ ನುಂಗಿಕೊಂಡಿದ್ದೆ.

ಕೊನೆಯ ಗೆರೆಗೆ ಹತ್ತು ಮಾರು ಇರುವಾಗ ಅವರ ಸೈಕಲ್ ನಿಧಾನವಾಯಿತು. ನಾನು ಅಲ್ಲೇ, ಅವರ ಮಾತು ಕಿವಿಗೆ ಬೀಳುವಷ್ಟು ಹತ್ತಿರ, ಹಗ್ಗದ ಪಕ್ಕ ಟವೆಲ್ ಬೀಸುತ್ತಿದ್ದೆ. ಡಾಕ್ಟರಮ್ಮ ಎಂದಿನಂತೆ ಕಂಡದ್ದೆಲ್ಲ ಹೇಳುತ್ತ ಬರುತ್ತಿದ್ದಳು. "ಸಾರ್, ಬಲಗಡೆ ಅಕ್ಕ ನಿಂತಿದಾರೆ! ಬಿಳೀ ಕೂದಲು ಬಿಸಿಲಿಗೆ ಫಳಫಳ ಅಂತಿದೆ, ಎಷ್ಟು ಚೆನ್ನಾಗಿ ಕಾಣ್ತಿದಾರೆ ಗೊತ್ತಾ!" ಅಂದಳು. ನಿನ್ನ ಭಾವ ನಕ್ಕರು. "ಅದು ಬೇರೆ ಯಾರೋ ಡಾಕ್ಟ್ರೇ. ನಮ್ಮನೆಯವಳ ಕೂದಲು ಕಪ್ಪು. ಹೇಳಿದ್ನಲ್ಲ ನಿಮಗೆ" ಅಂದರು.

ನನ್ನ ಕೈ ಅಲ್ಲೇ ನಿಂತಿತು. ಅವಳು ನನ್ನನ್ನು ನೋಡಿದಳು. ಒಂದೇ ಒಂದು ಕ್ಷಣ. ಆಮೇಲೆ, "ಅಯ್ಯೋ ಹೌದು ಸಾರ್, ಬೆವರು ಕಣ್ಣಿಗಿಳಿದು ಏನೇನೋ ಕಾಣ್ತಿದೆ. ಅಕ್ಕ ಆ ಬಿಳೀ ಕೂದಲಿನವರ ಹಿಂದೆ ನಿಂತಿದಾರೆ" ಎಂದು ನನಗಾಗಿ ಸುಳ್ಳು ಹೇಳಿದಳು. ಅವಳು ಬಂದು ತಬ್ಬಿಕೊಂಡು ಅತ್ತದ್ದು ಯಾತ್ರೆ ಮುಗಿದ ಖುಷಿಗಲ್ಲ ಕಣೇ.

ಇವರ ಕಣ್ಣು ಹೋದ ಎರಡೇ ವರ್ಷದಲ್ಲಿ ನನ್ನ ತಲೆ ಪೂರಾ ಬೆಳ್ಳಗಾಯಿತು, ನೀನು ಕಂಡಿದ್ದೀಯ. ಆಗೊಮ್ಮೆ ಇವರು, "ನಿಂಗೂ ಬಿಳಿ ಕೂದಲು ಬಂತಾ?" ಎಂದು ಕೇಳಿದ್ದರು. "ಒಂದೂ ಇಲ್ಲಪ್ಪ" ಅಂದಿದ್ದೆ. ಒಂದು ದಿನದ ಬಿಂಕ, ಅಷ್ಟೇ. ಇವರು ಮತ್ತೆ ಕೇಳಲಿಲ್ಲ, ನಾನು ಹೇಳಲಿಲ್ಲ. ಅಂದು ಮೈದಾನದಿಂದ ಮನೆಗೆ ಬರುವಾಗ ನನ್ನ ತಲೆ ನೇವರಿಸಿ, "ಹಲ್ಲು ನೋಡೀ ನೋಡೀ ಡಾಕ್ಟರಮ್ಮಂಗೆ ಎಲ್ಲಾ ಬಿಳಿಯಾಗೇ ಕಾಣತ್ತೆ. ನಿನ್ನ ಮುದುಕಿ ಮಾಡಿಬಿಟ್ಲಲ್ಲೇ!" ಎಂದು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಡಾಕ್ಟರಮ್ಮನ ಮೇಲಿದ್ದ ಕಿಚ್ಚು ಅಲ್ಲೇ ಆರಿತು. ಈಗ ಇರುವುದು ಇವರ ನೆನಪಿನ ಆ ಕಪ್ಪು ಕೂದಲಿನವಳ ಮೇಲೆ. ಅವಳ ಮುಖ ಜೋತಿಲ್ಲ, ಚಾದರ ಎಣಿಸಿ ಬೆರಳು ಸೀಳಿಲ್ಲ, ಎಂದೂ ಹಾಗಾಗುವುದೂ ಇಲ್ಲ. ಐದು ದಿನ ಇವರು ಹೇಳುತ್ತ ಹೋದದ್ದು ಅವಳ ಕಥೆ. ನಿಜ ಹೇಳಿ ಅವಳನ್ನು ಮನೆಯಿಂದ ಓಡಿಸಿಬಿಡೋಣ ಎಂದು ದಿನಾ ಬಾಯಿ ತೆರೆಯುತ್ತೇನೆ. ಆದರೆ ಇವರು ಕಣ್ಣಾರೆ ಕಂಡ ಕೊನೆಯ ಮುಖ ಅವಳದ್ದು. ಅವಳು ಹೋದರೆ ಇವರಿಗೆ ಉಳಿಯುವುದು ನಾನೊಬ್ಬಳೇ. ನಿನ್ನ ಉತ್ತರವನ್ನು ಈ ಮನೆಯಲ್ಲಿ ಓದುವವಳೂ ನಾನೊಬ್ಬಳೇ, ಸಂಕೋಚ ಬಿಟ್ಟು ಬರಿ. ನಾನು ಸಾಕಾಗುತ್ತೇನಾ?