ಮೂವತ್ತರ ದನಿಗೆ ಕಟ್ಟಿದ ಹಲ್ಲುಸೆಟ್ಟು

ಇಳಕಲ್ಲು, ಫೆಬ್ರುವರಿ 30, 2194

ನಮಗಿಂತ ಮೊದಲು ಬಾಳಿದವರಿಗೆ ಕಾಳಮ್ಮ ಪತ್ತಾರಳ ನಮಸ್ಕಾರ. ತಾರೀಖು ನೋಡಿ ಮುದುಕಿಗೆ ಅರಳುಮರಳು ಎನ್ನಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರಿದ್ದಲ್ಲ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮಲ್ಲಿ ಬೀಗವಿಲ್ಲ, ಕೀಲಿಯೂ ಇಲ್ಲ. ಮೂವತ್ತು ವರ್ಷ ತುಂಬಿದ ದಿನ ಪ್ರತಿಯೊಬ್ಬರ ಮಾತನ್ನು ಹಿಡಿದಿಡುತ್ತಾರೆ. ಅದೇ ದನಿಗುರುತು. ಮನೆ, ಬಸ್ಸು, ಆಸ್ಪತ್ರೆ, ಎಲ್ಲ ಬಾಗಿಲೂ ಅದಕ್ಕೇ ತೆರೆಯುತ್ತವೆ. ಎಪ್ಪತ್ತನಾಲ್ಕಕ್ಕೆ ನನ್ನ ಹಲ್ಲೆಲ್ಲ ಉದುರಿ ಮಾತು ಪುಸುಪುಸು ಆಯಿತು. ಸ್ವಂತ ಮನೆಯ ಬಾಗಿಲೇ ನನ್ನನ್ನು ಯಾರೆಂದು ಕೇಳಿತು. ಆಗ ಅಕ್ಕ ನಾಗಲಿಂಗಮ್ಮ ಕಣ್ಣು ಕಾಣದಿದ್ದರೂ ತಡವರಿಸುತ್ತ ಬಂದು ತನ್ನ ದನಿಯಿಂದ ಬಾಗಿಲು ತೆರೆಸುತ್ತಿದ್ದಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಬೊಚ್ಚುಬಾಯಿ ಎಂದು ರೇಗಿಸುತ್ತಲೇ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುತ್ತಿದ್ದಳು.

ಹೋದ ವರ್ಷ ಅವಳಿಗೆ ಎದೆಯ ಸೋಂಕು ತಗುಲಿ ಗಾಜುಕೋಣೆಗೆ ಸೇರಿಸಿದರು. ಒಳಗೆ ಯಂತ್ರಗಳಷ್ಟೇ ಇರುತ್ತವೆ. ನೆಂಟರು ಗಾಜಿನ ಈಚೆ ಕೂರಬೇಕು. ದನಿಗುರುತು ಹೊಂದಿದರೆ ಮಾತ್ರ ಮಾತು ಆಚೆ ದಾಟುತ್ತದೆ. ಬೇರೆಯವರ ಬೆನ್ನಿಗೆ ಆಸ್ಪತ್ರೆಯೊಳಗೇನೋ ಹೊಕ್ಕೆ, ಆದರೆ ಗಾಜಿಗೆ ನನ್ನ ದನಿ ಹೊಂದಲಿಲ್ಲ. ಕಾಗದ ಬರೆದು ತೋರಿಸೋಣವೆಂದರೆ ಅವಳಿಗೆ ಕಣ್ಣಿಲ್ಲ. ಮನೆಯ ಬಾಗಿಲು ಮುಚ್ಚದಂತೆ ಒರಳುಕಲ್ಲು ಅಡ್ಡವಿಟ್ಟು ಹಲ್ಲುಸೆಟ್ಟು ಮಾಡಿಸಲು ಓಡಿದೆ.

ನಮ್ಮ ಹಲ್ಲು ಕಟ್ಟುವವರು ಬಾಯಿಯೊಳಗೆ ನೋಡುವುದಿಲ್ಲ. ವಸಡಿನ ಅಚ್ಚು ತೆಗೆಯುವುದು, ಮೇಣದಲ್ಲಿ ಕೂರಿಸಿ ಕಚ್ಚಿಸುವುದು, ಎಲ್ಲಿ ಒತ್ತುತ್ತದೆಂದು ಕೇಳುವುದು, ಒಂದೂ ಇಲ್ಲ. ಹಿಡಿದಿಟ್ಟ ದನಿಯನ್ನು ಯಂತ್ರ ಕೇಳಿಸಿಕೊಂಡು ಆ ದನಿ ಹೊರಡುವಂಥ ಹಲ್ಲು ಮಾಡಿಕೊಡುತ್ತದೆ. ವಸಡು ಸವೆದಿದೆ, ದವಡೆ ಕುಗ್ಗಿದೆ ಎಂದರೆ, ದನಿ ಸರಿಯಿದೆಯಲ್ಲ ಎಂದರು. ಬಾಯಿ ಹುಣ್ಣಾಯಿತು. ರೊಟ್ಟಿ ಹಾಗಿರಲಿ, ಮೆತ್ತನೆಯ ಅನ್ನ ಅಗಿದರೂ ಸೆಟ್ಟು ಕುಣಿಯುತ್ತಿತ್ತು. ಇಪ್ಪತ್ತು ದಿನ ಕನ್ನಡಿಯ ಮುಂದೆ ಜೊಲ್ಲು ಒರೆಸಿಕೊಳ್ಳುತ್ತ ಮಾತು ಕಲಿತೆ. ಕೊನೆಗೂ ಗಾಜು ನನ್ನನ್ನು ಒಪ್ಪಿತು.

ಅಕ್ಕ ಒಪ್ಪಲಿಲ್ಲ. ಆ ಎಳೆಯ ದನಿ ಕೇಳಿ, ತನ್ನನ್ನು ಸಮಾಧಾನಪಡಿಸಲು ಯಂತ್ರವೇ ತಂಗಿಯ ಹಳೆಯ ದನಿ ಹಾಕುತ್ತಿದೆ ಎಂದುಕೊಂಡಳು. ಚಿಕ್ಕಂದಿನ ಸಂಗತಿ ನೆನಪಿಸಿದರೆ, ಅದನ್ನೂ ಎಲ್ಲಿಂದಲೋ ಕದ್ದಿದೆ ಎಂದಳು. ತಾಳಲಾರದೆ ಸೆಟ್ಟು ಕಿತ್ತು ಅಕ್ಕಾ ಎಂದು ಕೂಗಿದೆ. ಗಾಜು ಮೂಕವಾಯಿತು. ಮತ್ತೆ ತೊಟ್ಟುಕೊಂಡೆ. ಹನ್ನೊಂದು ದಿನ ಹೀಗೇ ಕೂತೆ. ಅವಳ ಎದುರಿಗಿದ್ದುಕೊಂಡೇ, ತಂಗಿ ಬರಲಿಲ್ಲವೆಂಬ ಅವಳ ದೂರು ಕೇಳಿದೆ. ಆ ಹಲ್ಲು ಕಟ್ಟಿದವರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಕೊನೆಯ ದಿನ ಅವಳು ಗಾಜಿನ ಕಡೆ ಹೊರಳಿ ಯಂತ್ರಕ್ಕೆಂದು ಹೇಳಿದಳು: "ನಮ್ಮ ಕಾಳಿ ಬಂದ್ರ ಒಳಗ ಬಿಡಪಾ. ಆಕಿಗೆ ಹಲ್ಲಿಲ್ಲ. ಮಾತು ತಿಳಿಯೂದಿಲ್ಲ ಅಂತ ಹೊರಗ ನಿಂದ್ರಿಸಬ್ಯಾಡ."

ಆಗಲಿ ಎಂದೆ, ಆ ದನಿಯಲ್ಲೇ.

ನಿಮ್ಮ ಕಾಲದಲ್ಲಿ ಹಲ್ಲು ಕಟ್ಟುವವರು ವಯಸ್ಸಾದವರ ವಸಡಿಗೆ ಬೆರಳಿಟ್ಟು ನೋವೆಲ್ಲಿ ಎಂದು ಕೇಳುತ್ತಿದ್ದರಂತೆ. ತಡವಾಗುತ್ತದೆಂದು ಹಾಗೆ ಕೇಳುವುದನ್ನು ಮೊದಲು ಬಿಟ್ಟವರು ಯಾರೋ ಗೊತ್ತಿಲ್ಲ. ಅದು ನೀವಾಗಬೇಡಿ.