ಅರಿಶಿನ ಹತ್ತಿದ ಅಂಗೈ

ಅಣ್ಣ,

ಬಂಡಳ್ಳಿ ಆರೋಗ್ಯ ಕ್ಯಾಂಪಿಗೆ ಹೊರಟೆ. ನೀನು ಇವತ್ತು ಅರಿಶಿನ ಬೇಯಿಸೋಕೆ ಹೋಗಬೇಡ.

ಸೊಪ್ಪು, ಹಣ್ಣಿನ ಬಣ್ಣ ಚರ್ಮದಲ್ಲಿ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಅಂತ ನನ್ನ ಮಿಷನ್ನು ಅಂಗೈ ನೋಡಿ ಹೇಳುತ್ತಲ್ಲ, ನಿನ್ನೆ ನಿನಗೆ ನಾನೂರ ಹನ್ನೆರಡು ತೋರಿಸಿತು. "ಸೊಪ್ಪೇ ಮುಟ್ಟದೋನ್ಗೂ ಇಷ್ಟೊಂದ್ ಬಂತಲ್ಲವ್ವ!" ಅಂತ ನೀನು ನಕ್ಕೆ.

ಆಮೇಲೆ ನಾನು ಅಳತೆ ಬರೆದಿಡೋ ಹಳೇ ಪುಸ್ತಕ ತೆಗೆದೆ. ಹೋದ ವರ್ಷ ಅರಿಶಿನದ ಕೊಪ್ಪರಿಗೆ ಬಳಿಯಿಂದ ಎದ್ದು ಬಂದ ಅಪ್ಪನಿಗೂ ಅದೇ ನಾನೂರ ಹನ್ನೆರಡು. "ಚೆನ್ನಾಗಿದೆ" ಅಂತ ನಾನೇ ಬರೆದಿದ್ದೀನಿ. ಒಂಬತ್ತನೇ ದಿನಕ್ಕೆ ಎದೆ ಹಿಡಿದುಕೊಂಡು ಹೋದ. ಇಬ್ಬರಲ್ಲೂ ಮಿಷನ್ನು ನೋಡಿದ್ದು ಕೈಗಂಟಿದ ಅರಿಶಿನವನ್ನು.

ಬಚ್ಚಲಲ್ಲಿ ನಿಂಬೆಹೋಳು, ಸೋಪು ಇಟ್ಟಿದ್ದೀನಿ. ಸೋಮಾರಿತನ ಮಾಡದೆ ಉಜ್ಜು. ಎದೆ ಹಿಂಡಿದರೆ ಫೋನ್ ಮಾಡು. ಸಂಜೆ ಮತ್ತೆ ಅಳೆಯುತ್ತೀನಿ.

ಅಪ್ಪನ ಹೆಣಕ್ಕೆ ನೀರು ಹುಯ್ಯುವಾಗ ಆ ಅಂಗೈಯನ್ನು ನಾನೇ ಉಜ್ಜಿದ್ದೆ ಕಣಣ್ಣ. ಬಣ್ಣ ಬಿಡಲೇ ಇಲ್ಲ.

ಪುಷ್ಪ